ಶನಿವಾರದ ಎಣ್ಣೆನೀರು

ತಮಿಳುನಾಡಿನ ಗಡಿಯ ಹೊಸೂರಿಗೆ ಅಂಟಿಕೊಂಡ ಮತ್ತಿಗಿರಿಯ ನಮ್ಮ ಬೀದಿಯಲ್ಲಿ ಯಾರ ಬಚ್ಚಲಲ್ಲಿ ಯಾರು ಮೀಯುತ್ತಿದ್ದಾರೆ ಎಂದು ನೀರಿನ ಸದ್ದು ಕೇಳಿಯೇ ಹೇಳಬಲ್ಲೆ ನಾನು. ಒಳಗಿರುವವರು ಒಬ್ಬರೋ ಇಬ್ಬರೋ, ಅದನ್ನೂ ಹೇಳಬಲ್ಲೆ!

ಸರಿ ಸರಿ, ಅರ್ಧ ಸುಳ್ಳು. ಒಪ್ಪಿಕೊಂಡೆ. ಉಳಿದರ್ಧ ಮಾತ್ರ ನಿಜ. ಯಾಕೆಂದರೆ ನನ್ನ ಅಡುಗೆಮನೆಗೂ ಪಕ್ಕದ ಕುಮಾರೇಶನ ಬಚ್ಚಲಿಗೂ ನಡುವೆ ಇರುವುದು ಒಂದೇ ಗೋಡೆ. ಅದೂ ಹಪ್ಪಳದಷ್ಟು ತೆಳ್ಳಗೆ.

ನಾನು ಮುನಿಗಂಗಮ್ಮ. ಗಂಡ ಹೋಗಿ ಇಪ್ಪತ್ತೆರಡು ವರ್ಷವಾಯಿತು. ಅಂದಿನಿಂದ ಬೇರೆಯವರ ಮನೆಯ ಪ್ರೀತಿ ನೋಡಿಕೊಂಡೇ ಹೊಟ್ಟೆ ತುಂಬಿಸಿಕೊಂಡಿದ್ದೇನೆ. ಆ ಗೋಡೆಯ ಆಚೆ ನಡೆದದ್ದನ್ನು ಹೇಳುತ್ತೇನೆ, ಕೇಳಿ. ನಗುವ ಕತೆಯೆಂದು ಕೂತರೆ ಮಾತ್ರ ಸೆರಗು ಒದ್ದೆಯಾಗುತ್ತದೆ...

ಶಶಿರೇಖಾ ಕುಮಾರೇಶನನ್ನು ಮೊದಲ ಸಲ ನೋಡಿದ್ದೂ ಮೊದಲ ಸಲ ಹೊಡೆದದ್ದೂ ಒಂದೇ ಗಳಿಗೆಯಲ್ಲಿ!

ಅವಳು ಡೆಂಕಣಿಕೋಟೆ ಕಡೆಯ ಹಳ್ಳಿಯವಳು. ಅಪ್ಪ ಆವುಲಪ್ಪನಿಗೆ ರಾಗಿ ಹೊಲ, ಒಂದಿಷ್ಟು ಕೋಸಿನ ಬೆಳೆ. ಇವಳಿಗೆ ಮತ್ತಿಗಿರಿಯ ಹತ್ತಿರ ಗುಲಾಬಿ ಹೂವು ಕಟ್ಟಿ ಡಬ್ಬಿಗೆ ತುಂಬುವ ಶೆಡ್ಡಿನಲ್ಲಿ ಕೆಲಸ. ಒಂದು ಸಂಜೆ ಬಸ್ಸು ತಪ್ಪೀತೆಂದು ಓಡಿ ಬಂದವಳು ಕಂಬ ತಬ್ಬಿಕೊಂಡು ನಿಂತುಬಿಟ್ಟಳು. ಉಸಿರು ಸಿಗುತ್ತಿಲ್ಲ. ತುಟಿ ಬಿಳಿಚಿಕೊಂಡಿದೆ. ಕಣ್ಣು ಮುಚ್ಚಿದೆ.

ಪಕ್ಕದಲ್ಲಿದ್ದ ಕುಮಾರೇಶ್ ಹೆದರಿಬಿಟ್ಟ. ಕೈಯಲ್ಲಿದ್ದ ಎರಡು ಲೀಟರ್ ಬಾಟಲಿಯ ನೀರನ್ನು ಒಂದು ಹನಿ ಉಳಿಸದೆ ಅವಳ ತಲೆಯ ಮೇಲೆ ಸುರಿದ!

ಛಟೀರ್...!

ಆ ಏಟಿನ ಸದ್ದು ಕೃಷ್ಣಗಿರಿಯ ಬೆಟ್ಟಕ್ಕೆ ತಾಗಿ ವಾಪಸು ಬಂತು. ಸೊಪ್ಪು ಕೊಳ್ಳಲು ನಿಂತಿದ್ದ ನನ್ನ ಕೈಯಿಂದ ದಂಟಿನ ಕಟ್ಟು ಜಾರಿ ಬಿತ್ತು.

"ಯಾರ್ರೀ ನೀವು? ನೀರ್ ಹುಯ್ಯಕ್ಕೆ ನಾನೇನ್ ತೆಂಗಿನ ಸಸೀನಾ?"

"ಅಲ್ಲ ಕಣ್ರೀ... ಜೀವ ಹೋಗ್ಬುಡ್ತದೇನೋ ಅಂತ..."

"ಹೋದ್ರೆ ನಂದು ಹೋಯ್ತದೆ. ನಿಮ್ದೇನ್ ಗಂಟು?"

ಅವನು ಕೆನ್ನೆ ಹಿಡಿದುಕೊಂಡೇ ಹೇಳಿದ, "ಹೋಗೋದನ್ನ ನೋಡ್ಕೊಂಡ್ ನಿಂತ್ಕೊಳ್ಳಕ್ಕೆ ನನ್ ಕೈಲಾಗಲ್ಲ ಕಣ್ರೀ. ಅಷ್ಟೇ."

ಬಸ್ಸು ಬಂತು. ಅವಳು ಹತ್ತಿದಳು. ಒದ್ದೆ ಜಡೆಯಿಂದ ತೊಟ್ಟಿಕ್ಕುವ ನೀರು ಊರು ಬರುವವರೆಗೂ ನಿಲ್ಲಲಿಲ್ಲ. ಅವನ ಮಾತೂ ಅಷ್ಟೇ. 'ಯಾರೋ ಪೆದ್ದ... ಆದರೂ ಕೈಲಾಗಲ್ಲ ಅಂದನಲ್ಲ, ಯಾಕೆ?'

ಮರುದಿನ ಅವಳೇ ಹೋಗಿ ಕ್ಷಮೆ ಕೇಳಿದಳು. ಆಮೇಲೆ ಕೇಳಬೇಕೇ! ಅವನು ಮೂಕಂಡಪಲ್ಲಿಯ ಕಂಪನಿಯಲ್ಲಿ ಗಾಡಿ ಎಂಜಿನ್ನಿಗೆ ಹಾಕುವ ಉಂಗುರದಂಥ ರಬ್ಬರ್ ಸೀಲುಗಳನ್ನು ತಯಾರಿಸುವವನು. ಶಿಫ್ಟು ಯಾವುದಾದರೂ ಇರಲಿ, ಅವಳ ಬಸ್ಸಿನ ಹೊತ್ತಿಗೆ ಸ್ಟಾಪಿನಲ್ಲಿ ಹಾಜರು. ಆರು ತಿಂಗಳು ಹೀಗೇ ಕಳೆದ ಮೇಲೆ ಅವನು ಮದುವೆಯ ಮಾತು ಎತ್ತಿದ. ಅವಳ ಮುಖ ಬಾಡಿತು.

"ನಿಮ್ಗೊಂದ್ ವಿಷ್ಯ ಹೇಳ್ಬೇಕು. ನನ್ ಗುಂಡಿಗೇಲಿ ರಕ್ತ ಹೋಗೋ ಬಾಗ್ಲು ಚಿಕ್ಕದಾಗ್ಬುಟ್ಟೈತೆ. ಚಿಕ್ಕೋಳಿದ್ದಾಗ ಬಂದಿದ್ ಜ್ವರದಿಂದ ಅಂತೆ. ಬಲೂನ್ ಹಾಕಿ ಅಗ್ಲ ಮಾಡ್ತಾರೆ. ಅದಾಗಗಂಟ ಬಸುರಿ ಆಗಂಗಿಲ್ಲ. ಆದ್ರೆ... ಜೀವಕ್ಕೇ ಆಪತ್ತು ಅಂದವ್ರೆ ಡಾಕ್ಟ್ರಮ್ಮ."

ಅವನು ಅವಳ ಕೈಯ ಊಟದ ಚೀಲ ಇಸಿದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. 

"ಆಗ್ದಂಗೆ ನೋಡ್ಕೊಳ್ಳೋದು ನನ್ ಜವಾಬ್ದಾರಿ. ಆಯ್ತಾ?"

"ನಿಮ್ಮಮ್ಮಂಗೆ?"

"ಅಮ್ಮಂಗ್ ಈಗ್ಲೇ ಬ್ಯಾಡ. ಹೆದ್ರುಕೊಂಡು ಮದ್ವೇನೇ ನಿಲ್ಸ್‌ಬುಡ್ತಾಳೆ. ಎಲ್ಲಾ ಸರಿಹೋದ್ಮೇಲೆ ನಾನೇ ಹೇಳ್ತೀನಿ."

ಆ ಒಂದು ಮಾತನ್ನು ಮುಚ್ಚಿಟ್ಟದ್ದೇ ಮುಂದೆ ಮುಳ್ಳಾಯಿತು, ನೋಡಿ...

ಮದುವೆಯಾಯಿತು. ಆರೋಗ್ಯ ಕೇಂದ್ರದ ತಮಿಳು ನರ್ಸು ಕೋಮಲಾ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು. ಗುಂಡಿಗೆಯ ತೊಂದರೆ ಇರುವವಳಿಗೆ ಗರ್ಭ ತಡೆಯುವ ಮಾತ್ರೆ ಬೇಡ, ನಿರೋಧೇ ಸರಿ, ಒಂದು ಸಲವೂ ತಪ್ಪಬಾರದು. ಅವಳು ಕೊಟ್ಟ ಪೊಟ್ಟಣದ ಒಳಗೆ ಬಳಸುವ ವಿಧಾನದ ಒಂದು ಚೀಟಿಯೂ ಇತ್ತು. ಇರುವೆಯಂಥ ತಮಿಳು ಅಕ್ಷರ. ಇಬ್ಬರೂ ಓದಿದ್ದು ಕನ್ನಡ ಶಾಲೆಯಲ್ಲಿ. ತಮಿಳಿನಲ್ಲಿ ಜಗಳ ಬೇಕಾದರೂ ಆಡುತ್ತಾರೆ, ಓದುವುದೆಂದರೆ ಬಸ್ಸಿನ ಬೋರ್ಡು ಅಷ್ಟೇ. ಚೀಟಿ ಹಾಗೇ ಮಡಚಿಕೊಂಡು ಉಳಿಯಿತು.

ಅವರ ಮನೆಯೆಂದರೆ ಒಂದು ಹಾಲು, ಒಂದು ಅಡುಗೆಮನೆ, ಹಿಂದೆ ಬಚ್ಚಲು. ಹಾಲಿನಲ್ಲಿ ಕುಮಾರೇಶನ ತಾಯಿ ಅಂಜಿನಮ್ಮನ ಚಾಪೆ. ಅವಳಿಗೆ ಎಂಥ ಎಚ್ಚರದ ನಿದ್ದೆ ಅಂದರೆ ಪಕ್ಕದ ಬೀದಿಯಲ್ಲಿ ಬೆಕ್ಕು ಆಕಳಿಸಿದರೂ "ಯಾರದು?" ಅನ್ನುತ್ತಾಳೆ! ಪಾಪ, ಹೊಸ ಗಂಡ ಹೆಂಡತಿ ಎರಡು ತಿಂಗಳು ಕೈ ಕೈ ಹಿಡಿದುಕೊಂಡೇ ಕಾಲ ಕಳೆದರು.

ಆದರೆ ಶನಿವಾರ ಅಂತ ಒಂದು ದಿನವನ್ನು ದೇವರು ಮಾಡಿದ್ದಾನಲ್ಲ!

ನಮ್ಮ ಕಡೆ ಶನಿವಾರ ಗಂಡಸರ ಎಣ್ಣೆಸ್ನಾನದ ದಿನ. ಅದೇ ದಿನ ಅಂಜಿನಮ್ಮ ತುಳಸಿ ಬುಟ್ಟಿ ಹಿಡಿದು ಬೆಳಿಗ್ಗೆಯೇ ಪೆರುಮಾಳ್ ಗುಡಿಗೆ ಹೋದರೆ ಬರುವುದು ಹನ್ನೊಂದಕ್ಕೆ. ಶಶಿ ಹಂಡೆಯಲ್ಲಿ ನೀರು ಕಾಯಿಸುವಳು. ಹರಳೆಣ್ಣೆ ಬೆಚ್ಚಗೆ ಮಾಡಿ ಅವನ ನೆತ್ತಿಗೆ, ಬೆನ್ನಿಗೆ, ತೋಳಿಗೆ ತಿಕ್ಕುವಳು. ಆಮೇಲೆ ಬಚ್ಚಲಿನ ಚಿಲಕ ಒಳಗಿಂದ ಬೀಳುತ್ತಿತ್ತು. ಆವಿ, ನೀರು, ನಗು. ಚೊಂಬು ಉರುಳಿದ ಸದ್ದು.

"ರೀ, ಅದು ತಂದ್ರಾ?"

"ತಂದಿವ್ನಿ ಕಣೆ. ಮರೀತೀನಾ?"

"ಮರೆತ್ರೆ ಇದೇ ಹಂಡೇಲಿ ಮುಳುಗ್ಸ್‌ಬುಡ್ತೀನಿ!"

ನಾನು ಟಿ.ವಿ. ಸದ್ದು ಜೋರು ಮಾಡಿದೆ. ಆಣೆ ಮಾಡಿ ಹೇಳುತ್ತೇನೆ, ಬೀದಿ ಕೊನೆಗೆ ಕೇಳುವಷ್ಟು ಜೋರು ಮಾಡಿದೆ!

ಒಂದು ಶನಿವಾರ ಅವನು ಒಳಗಿಂದ "ಥೂ, ಜಾರ್ಬುಡ್ತು ಕಣೆ ನೀರಲ್ಲಿ" ಎಂದ. "ಹೋಗ್ಲಿ ಬುಡಿ, ಆಮೇಲೆ ತಾನೆ ಜಾರಿದ್ದು" ಎಂದು ಅವಳು ನಕ್ಕಳು. ಅವನೂ ನಕ್ಕ. ಹಂಡೆಯ ನೀರು ಎಲ್ಲವನ್ನೂ ತೊಳೆದುಕೊಂಡು ಮೋರಿಗೆ ಹೋಯಿತು.

ಅದೇ ವಾರ ಊಟಕ್ಕೆ ಕೂತಾಗ ಅಂಜಿನಮ್ಮ ಮಗನಿಗೆ ಹೇಳಿದಳು, "ಲೋ ಕುಮಾರಾ, ಬರೋ ಸಂಕ್ರಾಂತಿಗೆ ನನ್ ಮಡ್ಲಲ್ಲೊಂದ್ ಕೂಸಿರ್ಬೇಕು ನೋಡು. ಆಮೇಲ್ ನಾನ್ ಸತ್ರೂ ಚಿಂತಿಲ್ಲ."

ತಾಯಿಯ ಬಾಯಿ ಮುಚ್ಚಿಸಲು ಅವನು ನಗುತ್ತಲೇ, "ಆಯ್ತಮ್ಮೋ, ಬೇಗ್ನೇ ಕೊಡ್ತೀನಿ. ಈಗ ಮುದ್ದೆ ಇಕ್ಕು" ಎಂದ.

ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದ ಶಶಿಯ ಕೈ ನಿಂತಿತು. 'ತಮಾಷೆಗೆ ಅಂದದ್ದು' ಎಂದುಕೊಂಡಳು. ಮತ್ತೆ ಕೈ ಆಡಿಸಿದಳು.

ಆದರೆ ತಿಂಗಳಾಗುವುದರೊಳಗೆ ಅವಳ ಮುಟ್ಟು ನಿಂತಿತು!

ಮೊದಲು ನಂಬಲಿಲ್ಲ. ಎರಡು ಸಲ ಪರೀಕ್ಷೆ ಮಾಡಿಕೊಂಡಳು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಸ್ಕ್ಯಾನಿನ ಚಿತ್ರವನ್ನು ಬಹಳ ಹೊತ್ತು ನೋಡಿದರು. ಬಲೂನ್ ಚಿಕಿತ್ಸೆಗೆ ಇನ್ನೂ ಎರಡು ತಿಂಗಳಿತ್ತು. ಬಾಗಿಲು ತೀರಾ ಕಿರಿದಾಗಿದೆ, ಈ ಬಸಿರನ್ನು ಹೊತ್ತರೆ ತಾಯಿ ಉಳಿಯುವುದು ಕಷ್ಟ, ತಡ ಮಾಡಬೇಡಿ ಎಂದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಮಾರೇಶ್ ಅವಳ ಕೈ ಹಿಡಿಯಲು ಹೋದ. ಅವಳು ಕೊಡವಿಕೊಂಡಳು.

"ಮುಟ್ಬ್ಯಾಡ!"

"ಶಶಿ..."

"ನೀನ್ ಬೇಕಂತ್ಲೇ ಮಾಡ್ದೆ!"

ಮದುವೆಯಾದ ಮೇಲೆ ಅವಳು ಅವನನ್ನು 'ನೀನು' ಎಂದದ್ದು ಅದೇ ಮೊದಲು.

"ಏನ್ ಮಾತು ಅಂತ ಆಡ್ತೀಯಾ ಶಶಿ... ನಾನು ಯಾವತ್ತೂ ತಪ್ಸಿಲ್ಲ, ನೀನೇ..."

"ಹಾಕ್ಕಂಡೆ ಅಂದೆ, ನಾನು ಕಣ್ಮುಚ್ಕೊಂಡ್ ನಂಬ್ದೆ. ಜಾರ್ಬುಡ್ತು ಅಂತ ನಾಟ್ಕ ಆಡ್ದೆ! ನಿಮ್ಮಮ್ಮಂಗೆ ಬೇಗ್ನೇ ಕೊಡ್ತೀನಿ ಅಂದೆಯಲ್ಲ, ನನ್ ಕಿವಿ ಕಿವುಡಾ? ತಾಯಿ ಮಗ ಇಬ್ರಿಗೂ ಕೂಸ್ ಬೇಕು. ಹೆರೋಳು ಸತ್ರೆ ಇನ್ನೊಬ್ಳು ಸಿಗ್ತಾಳೆ ಅಲ್ವಾ?"

ಅವನು ಹಾಕಿಕೊಂಡದ್ದು ನಿಜ. ಹಾಗಾದರೆ ಇದು ಆದದ್ದು ಹೇಗೆ? ಅವನಿಗೂ ಗೊತ್ತಿಲ್ಲ. ಗೊತ್ತಿಲ್ಲದವನು ಏನೆಂದು ವಾದ ಮಾಡುತ್ತಾನೆ?

ಅವಳು ಅಪ್ಪನಿಗೆ ಫೋನ್ ಮಾಡಿದಳು. ಆಸ್ಪತ್ರೆಯ ಕೆಲಸ ಮುಗಿದದ್ದು ಅಪ್ಪನ ಜೊತೆಯಲ್ಲಿ. ಎಂಟು ವಾರದ ಕೂಸು... ಒಳಗೆ ಕರೆಯುವ ಮೊದಲು ಅವಳು ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಪಿಸುಗುಟ್ಟಿದಳಂತೆ, "ನಿಂದೇನೂ ತಪ್ಪಿಲ್ಲ ಕಣೋ ಕಂದಾ. ನಿನ್ನ ಬ್ಯಾಡ ಅನ್ಲಿಲ್ಲ ನಾನು. ಇಟ್ಕೊಳ್ಳಕ್ಕೆ ಜಾಗ ಇಲ್ದಂಗಾಯ್ತು..."

ಸೆರಗಿನಿಂದ ಮುಖ ಒರೆಸಿಕೊಳ್ಳುತ್ತೇನೆ. ಒಂದು ನಿಮಿಷ ತಡೆಯಿರಿ.

ಅಲ್ಲಿಂದ ಅವಳು ತವರಿಗೇ ಹೋದಳು. ಕುಮಾರೇಶ್ ತಾಯಿಗೆ ಗುಂಡಿಗೆಯ ವಿಷಯ ಬಾಯಿಬಿಟ್ಟದ್ದು ಆಗಲೇ. ಎರಡು ತಿಂಗಳಿಗೆ ಬಲೂನ್ ಚಿಕಿತ್ಸೆಯೂ ಆಯಿತು. ಮೂರು ದಿನ ಕುಮಾರೇಶ್ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಅವಳು ಮುಖ ತೋರಿಸಲಿಲ್ಲ. ಎಳನೀರು ತಂದು ಮಾವನ ಕೈಗೆ ಕೊಡುತ್ತಿದ್ದ. "ಯಾರ್ ತಂದಿದ್ದು?" ಎಂದು ಅವಳು ಕೇಳಿದರೆ ಆವುಲಪ್ಪ "ಅಂಗ್ಡಿಯೋನು" ಎನ್ನುತ್ತಿದ್ದ.

ಪ್ರತಿ ಭಾನುವಾರ ಅವನು ಹಳ್ಳಿಗೆ ಹೋಗುತ್ತಿದ್ದ. ಜಗಲಿಯ ಮೇಲೆ ಕೂರುತ್ತಿದ್ದ. ಮಾವ ಅಳಿಯ ಇಬ್ಬರಿಗೂ ಆಡಬೇಕಾದ ಮಾತು ಆಡಲು ಬಾಯಿ ಬಾರದು. ಅದಕ್ಕೇ ಆನೆಯ ಮಾತು ಆಡುತ್ತಿದ್ದರು.

"ಈ ವಾರ ಆನೆ ಬಂದಿತ್ತಾ ಮಾವ?"

"ಮೂರು ಬಂದಿದ್ವು. ಕೆರೆ ಪಕ್ಕದ್ ರಾಗಿ ಎಲ್ಲಾ ತುಳ್ದಾಕಿ ಹೋದ್ವು."

"ಪಟಾಕಿ ಹಚ್ಲಿಲ್ವಾ?"

"ಹಚ್ದೆ. ಅವುಕ್ಕೇನ್ ಮರ್ಯಾದೆ ಐತಾ?"

ಒಂದು ಗಂಟೆ ಆನೆ. ಆಮೇಲೆ ಅವನು ಎದ್ದು, ಬಾಗಿಲ ಕಡೆ ತಿರುಗಿ, ಪ್ರತಿ ವಾರವೂ ಒಂದೇ ಮಾತು ಹೇಳುತ್ತಿದ್ದ. "ಶಶಿ, ತಪ್ಪು ನಂದೇ. ಬತ್ತೀನಿ."

ಬಾಗಿಲ ಹಿಂದೆ ನಿಂತ ಅವಳು ಸೆರಗು ಕಚ್ಚಿಕೊಳ್ಳುತ್ತಿದ್ದಳು. 'ಅವತ್ತು ಮೆಟ್ಟಿಲ ಮೇಲೆ ಅಂದ ಹಾಗೆ ಇನ್ನೊಂದೇ ಒಂದು ಸಲ, ನಾನು ತಪ್ಪಿಸಿಲ್ಲ ಅನ್ನಬಾರದಾ? ಅಂದಿದ್ದರೆ ನಂಬಿಬಿಡುತ್ತಿದ್ದೆನೋ ಏನೋ... ತಪ್ಪು ನಂದೇ ಅಂತಾನೆ. ಹಾಗಾದರೆ ನಾನು ಅಂದುಕೊಂಡದ್ದೇ ನಿಜ!'

ಹೀಗೆ ಏಳು ತಿಂಗಳು ಕಳೆಯಿತು.

ಒಂದು ಬುಧವಾರ ನಾನು ರಕ್ತದೊತ್ತಡದ ಮಾತ್ರೆಗೆಂದು ಆರೋಗ್ಯ ಕೇಂದ್ರಕ್ಕೆ ಹೋಗಿ ಬೆಂಚಿನ ಮೇಲೆ ಕೂತಿದ್ದೆ. ಯಾರೋ ಹುಡುಗಿ ಒಳಗೆ ಬಂದಳು. ನೋಡಿದರೆ ಶಶಿ! ಅರ್ಧ ಕರಗಿಹೋಗಿದ್ದಾಳೆ. ಕೈ ಬಳೆಗಳು ಮೊಣಕೈವರೆಗೂ ಜಾರುತ್ತವೆ.

"ಅಜ್ಜಿ... ಚೆನ್ನಾಗಿದ್ದೀಯಾ?"

"ನಾನ್ ಕಲ್ಗುಂಡು ಕಣವ್ವ. ನೀನ್ ಯಾಕಿಂಗ್ ಪೊರಕೆ ಕಡ್ಡಿ ಆಗಿದ್ದೀಯಾ?"

ಅವಳು ನಗಲು ನೋಡಿದಳು. ಆಗಲಿಲ್ಲ. ಹಳೆಯ ರಿಪೋರ್ಟು ತೆಗೆದುಕೊಂಡು ಹೋಗಲು ಬಂದಿದ್ದಳಂತೆ. ಕೋಮಲಾ ಅವಳ ಕಾಗದಗಳನ್ನೆಲ್ಲ ನೋಡಿ ಮುಖ ಅರಳಿಸಿದಳು.

"ನಲ್ಲಾ ಇದೆ ಶಶಿ! ಬಾಗ್ಲು ಚೆನ್ನಾಗಿ ತೆಗ್ದಿದೆ. ಇನ್ನೊಂದ್ ವರ್ಷ ತಡ್ಕೊ, ಆಮೇಲೆ ಡಾಕ್ಟ್ರು ಹೂಂ ಅಂದ್ರೆ ಧೈರ್ಯವಾಗಿ ಮಗು ಮಾಡ್ಕೊ. ಅಲ್ಲೀತನಕ ಇದು ಇರ್ಲಿ."

ನಿರೋಧ್ ಪೊಟ್ಟಣ ಮೇಜಿನ ಮೇಲೆ ಬಂತು. ಶಶಿ ಅದನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದಳು.

"ಬ್ಯಾಡಕ್ಕ. ಕೊಟ್ರೆ ಸಾಲ್ದು, ಹಾಕ್ಕೊಳ್ಳೋರ್ಗೆ ಮನಸಿರ್ಬೇಕಲ್ಲ."

"ಏನಮ್ಮಾ ಹಂಗಂದ್ರೆ?"

ಅಷ್ಟು ದಿನ ಯಾರ ಹತ್ತಿರವೂ ಬಿಚ್ಚದ ಬಾಯಿ ಅಲ್ಲಿ ಬಿಚ್ಚಿತು. ಅಳುತ್ತಾ ಎಲ್ಲವನ್ನೂ ಹೇಳಿದಳು. ಕೋಮಲಾ ಮಧ್ಯೆ ಬಾಯಿ ಹಾಕದೆ ಕೇಳಿದಳು. ಕೊನೆಗೆ ನಿಧಾನವಾಗಿ ಕೇಳಿದ್ದು ಒಂದೇ ಪ್ರಶ್ನೆ.

"ಎಲ್ಲಿ ಶಶಿ? ಮಲ್ಗೋ ಜಾಗ್ದಲ್ಲಾ?"

ಶಶಿ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. "ಇಲ್ಲ... ಬಚ್ಲಲ್ಲಿ. ಶನಿವಾರ, ಎಣ್ಣೆನೀರ್ ಹಾಕೋವಾಗ."

ಕೋಮಲಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು.

"ಅಯ್ಯೋ ಕಡವುಳೇ, ದೇವ್ರೇ... ಮೈಗೆಲ್ಲ ಎಣ್ಣೆ ಇತ್ತಾ?"

"ಹೂಂ. ಹರಳೆಣ್ಣೆ."

"ರಬ್ಬರ್ಗೂ ಎಣ್ಣೆಗೂ ಆಗಲ್ಲ ಕಣಮ್ಮಾ! ಹರಳೆಣ್ಣೆ, ಕೊಬ್ರಿ ಎಣ್ಣೆ, ವ್ಯಾಸಲೀನು, ಯಾವ್ದು ತಗುಲಿದ್ರೂ ಸರಿ, ನಿಮಿಷದೊಳಗೆ ಮೆತ್ತಗಾಗಿ ಹರ್ದೋಗತ್ತೆ. ಕಣ್ಣಿಗೂ ಕಾಣಲ್ಲ. ಅದ್ರ ಮೇಲೆ ನೀರು ಬೇರೆ, ಸೀಗೇಪುಡಿ ಬೇರೆ. ಅದ್ರಲ್ಲಿರೋ ಜಾರೋ ಪಸೆ ಎಲ್ಲ ತೊಳ್ದೋಗ್ಬಿಡತ್ತೆ, ಆಗ ಉಜ್ಜಿ ಹರಿಯತ್ತೆ. ಒದ್ದೆ ಮೈಗೆ ಹಾಕಿದ್ರೆ ಬಿಗಿಯಾಗಿ ಕೂರಲ್ಲ, ಒಳಗೆ ನೀರು ಸೇರಿ ಜಾರತ್ತೆ. ನೀರಿಗೆ ಇಳಿಯೋಕೆ ಮುಂಚೇನೇ, ಒಣಗಿದ ಮೈಗೆ ಹಾಕ್ಕೋಬೇಕು. ಎಣ್ಣೆ ದಿನ ಮುಟ್ಲೇಬಾರ್ದು. ಸ್ನಾನ ಮುಗ್ಸಿ, ಚೆನ್ನಾಗಿ ಒರೆಸ್ಕೊಂಡು, ಆಚೆ ಬಂದು ಒಣ ಜಾಗದಲ್ಲಿ ಇದ್ರೆ ಇನ್ನೂ ಒಳ್ಳೇದು. ಜಾರ್ತು ಅಂತ ಅನುಮಾನ ಬಂದ್ರೆ ಮೂರು ದಿನದೊಳಗೆ ನನ್ ಹತ್ರ ಓಡಿ ಬರ್ಬೇಕಾಗಿತ್ತು, ಅದಕ್ಕೇ ಅಂತ ಬೇರೆ ಮಾತ್ರೆ ಇದೆ, ದಿನಾ ನುಂಗೋದಲ್ಲ, ಗುಂಡಿಗೆಗೂ ತೊಂದ್ರೆ ಇಲ್ಲ. ಬಸಿರು ನಿಲ್ತಾನೇ ಇರ್ಲಿಲ್ವೇನೋ..."

ಕೋಮಲಾಳ ದನಿ ಸಣ್ಣಗಾಯಿತು. "ಚೀಟೀಲಿ ಬರ್ದಿದೆ. ಆದ್ರೆ ನಾನು ಬಾಯಿಬಿಟ್ಟು ಹೇಳ್ಬೇಕಾಗಿತ್ತು. ಪೊಟ್ಟಣ ಕೊಡೋವಾಗ ಬಚ್ಲು ಅಂತ, ಎಣ್ಣೆನೀರು ಅಂತ ನಂಗೆ ಹೊಳೀಲೇ ಇಲ್ಲ ಶಶಿ."

ಶಶಿ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ಎಣ್ಣೆ ಹಚ್ಚಿದ್ದು... ನಾನು."

ಅವಳು ಸೆರಗಿನಿಂದ ಆ ಅಂಗೈಗಳನ್ನು ಉಜ್ಜಿ ಉಜ್ಜಿ ಒರೆಸಿದಳು.

'ನಾನೇ... ಈ ಕೈಯೇ... ಅವನು ತಪ್ಪು ಮಾಡಲೇ ಇಲ್ಲ... ಎಂಥ ಮಾತು ಅಂದೆ ನಾನು! ಆಸ್ಪತ್ರೆಯ ಮೆಟ್ಟಿಲ ಮೇಲೆ, ಅಷ್ಟು ಜನದ ಮುಂದೆ...'

"ಅಕ್ಕಾ, ಪಾಪ ಅವ್ರಿಗೆ ಇದು ಗೊತ್ತಿಲ್ಲ! ಸುಮ್ನೆ ತಪ್ಪು ನಂದು ನಂದು ಅಂತ ತಲೆ ಬಗ್ಗಿಸ್ತಾ ಅವ್ರೆ..."

ಕೋಮಲಾ ಕಿಟಕಿಯ ಕಡೆ ನೋಡುತ್ತಾ ಹೇಳಿದಳು, "ಹೆಸ್ರು ಹೇಳಲ್ಲ ನಾನು. ಆರು ತಿಂಗಳ ಹಿಂದೆ ಒಬ್ಬ ಗಂಡಸು ಬಂದಿದ್ದ. ಕಂಪ್ನಿ ಬಟ್ಟೆ ಹಾಕ್ಕೊಂಡು. ಎಣ್ಣೇಲಿ ಊದ್ಕೊಂಡಿದ್ದ ಒಂದು ರಬ್ಬರ್ ಉಂಗುರ ಈ ಮೇಜಿನ ಮೇಲಿಟ್ಟು, ನಿರೋಧೂ ಹಿಂಗೇ ಆಯ್ತದಾ ಸಿಸ್ಟರ್ ಅಂತ ಕೇಳ್ದ. ಹೌದು ಅಂದೆ. ಬಚ್ಲ ಮಾತು ಅವ್ನು ಎತ್ಲೇ ಇಲ್ಲ. ಅರ್ಧ ಗಂಟೆ ಎದ್ದೇಳ್ಲಿಲ್ಲ ಅವ್ನು. ಹೋಗೋವಾಗ, ಇದು ನನ್ ಹೆಂಡ್ತಿ ಕಿವಿಗೆ ಬೀಳ್ಬಾರ್ದು ಸಿಸ್ಟರ್, ಬಿದ್ರೆ ಅವ್ಳು ಬದುಕಲ್ಲ ಅಂತ ಕೈ ಮುಗ್ದ."

ಶಶಿ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು.

ನಾನು ಇನ್ನು ತಡೆಯಲಾರದೆ ಹೇಳಿಬಿಟ್ಟೆ. ಯಾಕೆಂದರೆ ಆ ದಿನ ಅವನು ಅಲ್ಲಿಂದ ನೇರವಾಗಿ ಬಂದು ಕೂತದ್ದು ನನ್ನ ಬಾಗಿಲ ಮೆಟ್ಟಿಲ ಮೇಲೆ! ಕಂಪನಿಯಲ್ಲಿ ಸೀಲುಗಳನ್ನು ಬಿಸಿ ಎಣ್ಣೆಯಲ್ಲಿ ಹಾಕಿ ಪರೀಕ್ಷೆ ಮಾಡುತ್ತಾರಂತೆ. ಅವತ್ತು ಯಾರೋ ತಪ್ಪಿ, ನಿರೋಧಿಗೆ ಬಳಸುವಂಥದ್ದೇ ಮರದ ಹಾಲಿನ ರಬ್ಬರಿನ ಸೀಲು ಸೇರಿಸಿಬಿಟ್ಟಿದ್ದಾರೆ. ತೆಗೆದು ನೋಡಿದರೆ ಊದಿಕೊಂಡು ಕೊಬ್ಬಿದ ಜಿಗಣೆಯಂತಾಗಿದೆ, ಹಿಸುಕಿದರೆ ಹರಿದು ಚೂರು. "ಇದು ನೀರಿಗಾದ್ರೆ ಸೈ, ಎಣ್ಣೆ ಕಂಡ್ರೆ ಸತ್ತೋಯ್ತದೆ" ಎಂದರಂತೆ ಸೂಪರ್‌ವೈಸರ್. ಅವನ ತಲೆಯಲ್ಲಿ ಶನಿವಾರದ ಬಚ್ಚಲು ಮಿಂಚಿದ್ದು ಆಗ.

"ಅಜ್ಜಿ, ನಿಂಗೂ ಗೊತ್ತಿತ್ತಾ?"

"ಆಣೆ ಹಾಕ್ಸ್ಕೊಂಡ್‌ಬುಟ್ಟಿದ್ದ ಕಣವ್ವ. ಆರು ತಿಂಗ್ಳು ಬಾಯ್ ಮುಚ್ಕೊಂಡಿದ್ದೀನಿ. ಹೊಟ್ಟೆ ಉಬ್ಬಿ ಒಡ್ದೋಗದೊಂದ್ ಬಾಕಿ!"

ಅವಳು ಎದ್ದಳು. "ಅಜ್ಜಿ, ಈಗ ಯಾವ್ ಶಿಫ್ಟು ಅವ್ರಿಗೆ?"

"ಮೂರು ಗಂಟೆಗೆ ಬುಡ್ತದೆ..."

ನನ್ನ ಮಂಡಿಗಳು ಎಂಥವು ಅಂದರೆ ಮೂರು ಹೆಜ್ಜೆಗೆ ಒಂದು ಸಲ ದೇವರನ್ನು ಕರೆಯುತ್ತವೆ. ಅಂಥ ನನ್ನನ್ನು ಶಶಿ ಆಟೋಗೆ ತುಂಬಿಕೊಂಡು ಮೂಕಂಡಪಲ್ಲಿಗೆ ಹೊರಟಳು!

ಗೇಟು ತೆರೆಯಿತು. ಒಂದೇ ಬಣ್ಣದ ಬಟ್ಟೆಯ ನೂರಾರು ಗಂಡಸರು. ಅವರ ನಡುವೆ ತಲೆ ತಗ್ಗಿಸಿಕೊಂಡು ಒಬ್ಬ ಬರುತ್ತಿದ್ದ. ತಲೆ ಎತ್ತಿದ. ನಿಂತ. ಹಿಂದಿನಿಂದ ಬರುತ್ತಿದ್ದವರು ಅವನಿಗೆ ಡಿಕ್ಕಿ ಹೊಡೆದು ಬೈದುಕೊಂಡು ಹೋದರು. ಅವನಿಗೆ ಕೇಳಿಸಿದಂತಿರಲಿಲ್ಲ.

ಓಡಿ ಬಂದ. "ಶಶಿ! ಏನಾಯ್ತು? ಮೈಗ್ ಹುಷಾರಿಲ್ವಾ? ಮಾವ ಎಲ್ಲಿ?"

ಕಾಂಪೌಂಡ್ ಪಕ್ಕದ ಬೇವಿನ ಮರದ ಕೆಳಗೆ ಅವಳು ನಿಂತಿದ್ದಳು. 

"ಗೊತ್ತಿತ್ತಾ ನಿಮ್ಗೆ?"

"ಏನು?"

"ಎಣ್ಣೆ."

ಅವನು ನನ್ನ ಕಡೆ ತಿರುಗಿದ. ನಾನು ಮರದ ಮೇಲಿನ ಕಾಗೆಗಳನ್ನು ನೋಡಲು ಶುರು ಮಾಡಿದೆ.

"ಗೊತ್ತಿದ್ದೂ ಯಾಕ್ ಹೇಳ್ಲಿಲ್ಲ? ವಾರ ವಾರ ಬಂದು ಆನೆ ಕತೆ ಹೇಳಿದ್ರಲ್ಲ, ಇದನ್ನ ಹೇಳಕ್ಕೆ ಬಾಯಿರ್ಲಿಲ್ವಾ?"

"ಹೇಳಿದ್ರೆ ನೀನು ಆ ಕೈನ ಇಟ್ಕೊಂಡು ಎಲ್ಲಿಗೋಯ್ತಿದ್ದೆ ಶಶಿ?" ಅವನ ದನಿ ಒಡೆಯಿತು. "ನನ್ ಮೇಲಾದ್ರೆ ಸಿಟ್ಟಿತ್ತು. ಸಿಟ್ಟಲ್ಲಿರೋರು ಉಣ್ತಾರೆ, ಮಾತ್ರೆ ನುಂಗ್ತಾರೆ, ಎದ್ದು ನಿಂತ್ಕತಾರೆ. ನಿಂಗೆ ನಿನ್ ಮೇಲೇ ಸಿಟ್ಟು ಬಂದಿದ್ರೆ? ಆ ಗುಂಡಿಗೆ ತಡ್ಕೊಳ್ತಿತ್ತಾ? ಮೊದ್ಲು ಬಲೂನ್ ಆಗ್ಲಿ ಅಂದ್ಕೊಂಡೆ. ಆದ್ಮೇಲೆ... ಹೆಂಗ್ ಬಾಯ್ ತೆಗೀಬೇಕೋ ತಿಳೀಲಿಲ್ಲ."

"ಆ ಮಾತೆಲ್ಲ ಅಂದ್ನಲ್ಲ ನಾನು... ಬೈದ್ಬುಡಿ ನಂಗೆ. ಒಂದ್ ಸಲ ಬೈದ್ಬುಡ್ರೀ!"

"ಯಾಕೆ? ಅರ್ಧ ತಪ್ಪು ನಿಜ್ವಾಗ್ಲೂ ನಂದೇ. ನೋಡ್ಕೊಳ್ಳೋದು ನನ್ ಜವಾಬ್ದಾರಿ ಅಂದಿದ್ದೆ. ದಿನಾ ರಬ್ಬರ್ ಜೊತೇನೇ ಇರೋನು, ಹೊಳೀಲಿಲ್ಲ. ಅವತ್ತು ಜಾರ್ತು ಅಂತ ನಕ್ಕೆ. ನಗ್ಬಾರ್ದಾಗಿತ್ತು ಶಶಿ. ಅವತ್ತೇ ಕೋಮಲಕ್ಕನ ಹತ್ರ ಓಡ್ಬೇಕಾಗಿತ್ತು."

ಅವಳು ಒಂದು ಹೆಜ್ಜೆ ಅವನ ಹತ್ತಿರಕ್ಕೆ ಬಂದಳು. ಆಮೇಲೆ ತೀರಾ ಮೆಲ್ಲಗೆ ಕೇಳಿದಳು.

"ಕೂಸಿಗೆ... ಅತ್ರಾ ನೀವು?"

ಅವನು ನೆಲ ನೋಡಿದ. "ಇಲ್ಲೇ. ಕಂಪ್ನಿ ಬಾತ್ರೂಮಲ್ಲಿ. ನಲ್ಲಿ ತಿರುಗಿಸ್ಬುಟ್ಟು ಅಳ್ತಿದ್ದೆ, ಯಾರ್ಗೂ ಕೇಳ್ಬಾರ್ದು ಅಂತ."

"ನಾನು ದಿಂಬು ಕಚ್ಕೊಂಡು." ಅವಳ ಕೆನ್ನೆಯ ಮೇಲೆ ಧಾರೆ ಇಳಿಯಿತು. "ಒಂದೇ ಕೂಸಿಗೆ ಇಬ್ರೂ ಬೇರೆ ಬೇರೆ ಕಡೆ ಅತ್ವಲ್ರೀ... ಒಟ್ಟಿಗೆ ಕೂತ್ಕೊಂಡು ಒಂದ್ ಸಲಾನಾದ್ರೂ ಅಳ್ಬಾರ್ದಾಗಿತ್ತಾ ನಾವು?"

ಅಲ್ಲಿಗೆ ಮುಗಿಯಿತು. ನೂರು ಜನ ಓಡಾಡುವ ಜಾಗ, ಹಾಡುಹಗಲು. ಅವನು ಅವಳ ಎರಡೂ ಅಂಗೈಗಳನ್ನು ಹಿಡಿದು ತನ್ನ ಮುಖಕ್ಕೆ ಒತ್ತಿಕೊಂಡ. ಇಬ್ಬರೂ ಅತ್ತರು. ಟೀ ಅಂಗಡಿಯವನು ಟೀ ಎತ್ತಿ ಹುಯ್ಯುವುದನ್ನು ನಿಲ್ಲಿಸಿ ನೋಡಿದ. ನಾನು ಅವನಿಗೆ, "ಏನ್ಲಾ ನೋಡ್ತೀಯಾ? ನಿನ್ ಟೀ ಆರೋಯ್ತದೆ, ನಂಗೊಂದ್ ಲೋಟ ಕೊಡ್ಲಾ" ಎಂದೆ. ಕೊಟ್ಟ. ಕುಡಿಯಲು ಆಗಲಿಲ್ಲ. ನನ್ನ ಕಣ್ಣೀರೇ ಅರ್ಧ ಲೋಟ ಬಿತ್ತು ಅದರೊಳಗೆ.

ಎಷ್ಟೋ ಹೊತ್ತಿನ ಮೇಲೆ ಅವಳು ಕಣ್ಣು ಒರೆಸಿಕೊಂಡಳು.

"ಬರೋ ಭಾನುವಾರ ಊರಿಗೆ ಬತ್ತೀರಾ?"

"ಬತ್ತೀನಿ. ಯಾವತ್ತಾದ್ರೂ ತಪ್ಸಿದ್ದೀನಾ?"

"ಬರ್ಬ್ಯಾಡಿ."

ಅವನ ಮುಖದಿಂದ ರಕ್ತವೇ ಇಳಿದುಹೋಯಿತು. ಹಿಡಿದಿದ್ದ ಕೈ ಸಡಿಲವಾಯಿತು.

"ಯಾಕೆ ಶಶಿ...?"

ಅವಳು ಆ ಕೈಯನ್ನು ಜಾರಲು ಬಿಡಲಿಲ್ಲ. ಏಳು ತಿಂಗಳಲ್ಲಿ ಮೊದಲ ಸಲ ಅವಳ ತುಟಿಯ ಒಂದು ಮೂಲೆ ಮೇಲೆ ಹೋಯಿತು. ಅವನ ಹತ್ತಿರ ಸರಿದು ಉತ್ತರ ಹೇಳಿದಳು.

ಹಾಳು ಲಾರಿಯೊಂದು ಅದೇ ಹೊತ್ತಿಗೆ ಹಾರನ್ ಹೊಡೆಯಬೇಕೇ! ಇಡೀ ಹೊಸೂರಿನ ಗುಟ್ಟು ಬಲ್ಲ ನನ್ನ ಕಿವಿಗೆ ಅದೊಂದು ಮಾತು ಮಾತ್ರ ಬೀಳಲಿಲ್ಲ. ಅವಳ ಬೆರಳು ಮತ್ತಿಗಿರಿಯ ಮನೆಯ ದಾರಿ ತೋರಿಸಿದ್ದನ್ನು, ಅವನ ಮುಖವನ್ನು ನೋಡಿದೆ, ಅಷ್ಟೇ. ಅಳುತ್ತಿದ್ದವನು ಅಳುತ್ತಲೇ ನಗಲು ಶುರು ಮಾಡಿದ.

ನೀವು ಇಷ್ಟು ಹೊತ್ತು ಕೂತು ಕೇಳಿದಿರಲ್ಲ. ಈಗ ನೀವೇ ಹೇಳಿ ನೋಡೋಣ, ಭಾನುವಾರ ಬರಬೇಡಿ ಎಂದವಳು ಆಮೇಲೆ ಏನಂದಿರಬಹುದು?